ಮಕ್ಕಳ ತುರ್ತುಚಿಕಿತ್ಸಾ ವಿಭಾಗದಲ್ಲಿ ಜನಸಂದಣಿ — ಒಂದು ವಿಚಾರ

ಮಕ್ಕಳ ಆಸ್ಪತ್ರೆಯ ತುರ್ತುಚಿಕಿತ್ಸಾ ವಿಭಾಗದ ಬಾಗಿಲಲ್ಲಿ ಒಂದು ರಾತ್ರಿಯನ್ನು ಕಳೆದವರಿಗೆ ಅಲ್ಲಿನ ಜನಸಂದಣಿಯನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಕಳೆಯದವರಿಗೆ ಎಷ್ಟು ಬಣ್ಣಿಸಿದರೂ ಅದರ ಪೂರ್ಣ ಚಿತ್ರವು ಮನಸ್ಸಿಗೆ ಬಾರದು. ಆದುದರಿಂದ ಈ ಲೇಖನದಲ್ಲಿ ವರ್ಣನೆಗಿಂತ ವಿಚಾರಕ್ಕೆ ಹೆಚ್ಚು ಸ್ಥಳವನ್ನು ಕೊಡಬೇಕೆಂಬುದು ನನ್ನ ಉದ್ದೇಶ. ಅಷ್ಟೊಂದು ಜನ ಅಲ್ಲಿ ಸೇರುವುದೇಕೆ? ಸೇರಿದರೆ ಆಗುವ ಹಾನಿಯೇನು? ಆ ಹಾನಿಯನ್ನು ಕಡಮೆ ಮಾಡಲು ಯಾರು ಏನು ಮಾಡಿದ್ದಾರೆ? ನಾವು ಏನು ಮಾಡಬಹುದು? ಈ ಪ್ರಶ್ನೆಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ನಾನು ವೈದ್ಯಶಾಸ್ತ್ರವನ್ನು ಓದಿದವಳಲ್ಲ; ಅರ್ಥಶಾಸ್ತ್ರವನ್ನು ಐಚ್ಛಿಕವಾಗಿ ತೆಗೆದುಕೊಂಡಿರುವ ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ. ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವು ಯಾವ ಪುಸ್ತಕವೂ ಅಲ್ಲ, ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ. ಅದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ಆ ರಾತ್ರಿ

2024ನೆಯ ಇಸವಿಯ ಆಷಾಢ ಮಾಸದ ಕೊನೆಯ ವಾರ. ನಮ್ಮ ರಾಜ್ಯದಲ್ಲೆಲ್ಲಾ ಡೆಂಗಿ ಜ್ವರವು ಹಬ್ಬಿದ್ದ ಕಾಲ. ಮುಂದೆ ಸೆಪ್ಟೆಂಬರ್ ತಿಂಗಳಲ್ಲಿ ಸರ್ಕಾರವು ಅದನ್ನು ಸಾಂಕ್ರಾಮಿಕ ರೋಗವೆಂದೇ ಅಧಿಸೂಚನೆ ಹೊರಡಿಸಿತು. ನನ್ನ ಅಕ್ಕನ ಮಗನಿಗೆ ಆಗ ನಾಲ್ಕು ವರ್ಷ. ಮೂರು ದಿನ ಜ್ವರ ಕಾದು, ನಾಲ್ಕನೆಯ ದಿನ ಮೈ ತಣ್ಣಗಾದುದನ್ನು ಕಂಡು ನಾವೆಲ್ಲರೂ ಸಮಾಧಾನಪಟ್ಟೆವು. ಅಂದು ಸಂಜೆಯೇ ಮಗು ಹೊಟ್ಟೆನೋವೆಂದು ಹೊರಳಾಡತೊಡಗಿತು. ಕುಡಿಸಿದ ಗಂಜಿಯನ್ನೆಲ್ಲಾ ಕಾರಿಕೊಂಡಿತು. ಹತ್ತಿರದ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರಿರಲಿಲ್ಲ. ಅಲ್ಲಿದ್ದವರು ಒಂದು ಚೀಟಿ ಬರೆದುಕೊಟ್ಟು, ತಡಮಾಡದೆ ಜಿಲ್ಲೆಯ ದೊಡ್ಡಾಸ್ಪತ್ರೆಗೆ ಹೋಗಿರೆಂದರು. ಊರಿನವರೊಬ್ಬರ ಆಟೋದಲ್ಲಿ ಅವ್ವ, ಅಕ್ಕ, ನಾನು ಮೂವರೂ ಮಗುವನ್ನು ಕರೆದುಕೊಂಡು ಹೊರಟು, ರಾತ್ರಿ ಹತ್ತೂವರೆಯ ಹೊತ್ತಿಗೆ ಅಲ್ಲಿಗೆ ತಲುಪಿದೆವು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವಳು ನಾನೊಬ್ಬಳೇ. ಅವ್ವ ಚೀಟಿಗಳಿದ್ದ ಪ್ಲಾಸ್ಟಿಕ್ ಕವರನ್ನು ನನ್ನ ಕೈಗೆ ಕೊಟ್ಟು, “ನೀನು ಓದಿದೋಳು, ನೀನೇ ಮಾತಾಡವ್ವ” ಎಂದಳು. ಆ ಕವರು ನನಗೆ ಅಂದು ಬಹಳ ಭಾರವಾಗಿ ತೋರಿತು.

ಒಳಗೆ ಎಂಟು ಮಂಚಗಳು. ಕಾಯುವ ಹೊತ್ತಿನಲ್ಲಿ ನಾನು ಎಣಿಸಿದೆ, ಮಕ್ಕಳು ಇಪ್ಪತ್ತೇಳು. ಒಂದೊಂದು ಮಂಚದಲ್ಲಿ ಇಬ್ಬರು. ಉಳಿದವರು ಬೆಂಚಿನ ಮೇಲೆ, ತಾಯಂದಿರ ತೊಡೆಯ ಮೇಲೆ, ನೆಲದ ಮೇಲೆ ಹಾಸಿದ ಚಾಪೆಯಲ್ಲಿ. ಕಿಟಕಿಯ ಸರಳಿಗೆ ಗ್ಲೂಕೋಸಿನ ಬಾಟಲಿಗಳನ್ನು ಕಟ್ಟಿದ್ದರು. ಅಷ್ಟು ಮಂದಿಗೆ ಇದ್ದವರು ಒಬ್ಬ ವೈದ್ಯರು, ಇಬ್ಬರು ದಾದಿಯರು.

ಒಬ್ಬ ದಾದಿ ಬಂದು ನಮ್ಮ ಹುಡುಗನ ಕೈಬೆರಳಿನ ಉಗುರನ್ನು ಒತ್ತಿ ನೋಡಿದರು. ಎರಡು ಮೂರು ಪ್ರಶ್ನೆಗಳನ್ನು ಕೇಳಿ, “ಇಲ್ಲೇ ಕೂತಿರಿ, ಕರೀತೀವಿ” ಎಂದರು. ಹತ್ತು ನಿಮಿಷವಾಗಿರಬೇಕು. ಒಬ್ಬ ಹೆಂಗಸು ಬಟ್ಟೆಯಲ್ಲಿ ಸುತ್ತಿದ್ದ ಕೂಸನ್ನು ಎತ್ತಿಕೊಂಡು ಬಂದಳು. ದಾದಿಯು ಅದರ ಮುಖವನ್ನು ನೋಡಿದವರೇ ನೇರವಾಗಿ ಒಳಗೆ ತೆಗೆದುಕೊಂಡು ಹೋದರು. ನನಗೆ ಕೋಪ ತಡೆಯಲಾಗಲಿಲ್ಲ. ಎದ್ದುನಿಂತು, “ನಾವು ಮೊದಲು ಬಂದೋರಲ್ವಾ ಸಿಸ್ಟರ್? ಯಾರ ಶಿಫಾರಸಿನ ಮೇಲೆ ಅವರನ್ನ ಒಳಗೆ ಬಿಟ್ರಿ?” ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ. ಅವರು ನನ್ನನ್ನು ಬೈಯಲಿಲ್ಲ. “ನೋಡಮ್ಮ, ನಿಮ್ಮ ಮಗು ಅಳ್ತಾ ಇದೆ; ಆ ಮಗು ಅಳ್ತಾ ಇಲ್ಲ” ಎಂದಷ್ಟೇ ಹೇಳಿ ಒಳಗೆ ಹೋದರು. ಆ ಮಾತಿನ ಅರ್ಥವು ನನಗೆ ಆಗ ಆಗಲಿಲ್ಲ.

ಒಂದು ಗಂಟೆಯ ತರುವಾಯ ನಮ್ಮ ಹುಡುಗನಿಗೂ ದ್ರಾವಣವನ್ನು ಏರಿಸಿದರು. ಬೆಳಗಿನ ಜಾವ ನಾಲ್ಕಕ್ಕೆ ಮೇಲಿನ ವಾರ್ಡಿನಲ್ಲಿ ಮಂಚ ದೊರೆಯಿತು. ಅವನು ಗುಣಹೊಂದಿದ. ಆದರೆ ಆ ದಾದಿಯ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಸಂದಣಿಯ ಲೆಕ್ಕ

ಆಸ್ಪತ್ರೆಯಲ್ಲಿ ಜನ ಕಿಕ್ಕಿರಿದಿರುವುದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣವು ಒಂದೇ: ಸಣ್ಣಪುಟ್ಟ ನೆಗಡಿ ಕೆಮ್ಮಿಗೂ ಜನ ಓಡಿ ಬರುತ್ತಾರೆ ಎಂಬುದು. ಇದರಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಇದು ಪೂರ್ಣಸತ್ಯವಲ್ಲ.

ನಮ್ಮ ಊರಿನ ಕೆರೆಯನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಮಳೆಯ ನೀರು ಹಳ್ಳದಿಂದ ಕೆರೆಗೆ ಬರುತ್ತದೆ. ತೂಬಿನಿಂದ ಕಾಲುವೆಗೆ ಹೋಗುತ್ತದೆ. ಹೆಚ್ಚಾದುದು ಕೋಡಿಯ ಮೇಲೆ ಹರಿದುಹೋಗುತ್ತದೆ. ತೂಬಿನ ಬಾಯಿಗೆ ಹೂಳು ತುಂಬಿ, ಕೋಡಿಗೆ ಕಸಕಡ್ಡಿ ಅಡ್ಡಗಟ್ಟಿದರೆ, ಸಾಧಾರಣ ಮಳೆಗೂ ಏರಿ ಒಡೆದೀತೆಂಬ ಭಯ ಹುಟ್ಟುತ್ತದೆ. ಆಗ ಮಳೆಯನ್ನು ಬೈದು ಫಲವಿಲ್ಲ. ತುರ್ತುಚಿಕಿತ್ಸಾ ವಿಭಾಗವೂ ಇಂತಹುದೇ ಒಂದು ಕೆರೆ. 2003ರಲ್ಲಿ ಅಮೆರಿಕದ ವೈದ್ಯ ಬ್ರೆಂಟ್ ಆಸ್ಪ್ಲಿನ್ ಮತ್ತು ಅವರ ಜೊತೆಗಾರರು ಈ ಸಮಸ್ಯೆಯನ್ನು ಮೂರು ಭಾಗಗಳಾಗಿ ವಿಂಗಡಿಸಿದರು: ರೋಗಿಗಳು ಬರುವ ಒಳಹರಿವು, ಒಳಗೆ ನಡೆಯುವ ಪರೀಕ್ಷೆ ಮತ್ತು ಚಿಕಿತ್ಸೆ, ಅಲ್ಲಿಂದ ಮನೆಗೋ ವಾರ್ಡಿಗೋ ಹೋಗುವ ಹೊರಹರಿವು. ಮೂರರಲ್ಲಿ ಯಾವುದು ಕಟ್ಟಿಕೊಂಡರೂ ವಿಭಾಗವು ತುಂಬುತ್ತದೆ.

ಇದಕ್ಕೆ ಒಂದು ಸರಳವಾದ ಗಣಿತವೂ ಉಂಟು. ಜಾನ್ ಲಿಟ್ಲ್ ಎಂಬ ಅಮೆರಿಕದ ವಿದ್ವಾಂಸರು 1961ರಲ್ಲಿ ಇದನ್ನು ಸಾಧಿಸಿ ತೋರಿಸಿದರು. ಒಂದು ಸ್ಥಳದಲ್ಲಿ ಸರಾಸರಿ ಎಷ್ಟು ಜನ ಇರುತ್ತಾರೆಂಬುದು, ಗಂಟೆಗೆ ಎಷ್ಟು ಜನ ಬರುತ್ತಾರೆ ಮತ್ತು ಒಬ್ಬೊಬ್ಬರೂ ಎಷ್ಟು ಗಂಟೆ ಇರುತ್ತಾರೆ ಎಂಬ ಎರಡರ ಗುಣಲಬ್ಧ. ಗಂಟೆಗೆ ಆರು ಮಕ್ಕಳು ಬಂದು ತಲಾ ಎರಡು ಗಂಟೆ ಇದ್ದರೆ ಒಳಗಿರುವವರು ಹನ್ನೆರಡು. ಮೇಲೆ ಹಾಸಿಗೆ ಖಾಲಿಯಿಲ್ಲದೆ ತಲಾ ಐದು ಗಂಟೆ ಇರಬೇಕಾಗಿ ಬಂದರೆ ಒಳಗಿರುವವರು ಮೂವತ್ತು. ಬರುವ ಮಕ್ಕಳು ಒಬ್ಬರೂ ಹೆಚ್ಚಾಗಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಮಕ್ಕಳ ವಿಷಯದಲ್ಲಿ ಈ ತೊಡಕು ಇನ್ನೂ ಬಿಗಿಯಾದುದು. ದೊಡ್ಡವರ ಹಾಸಿಗೆಯನ್ನು ಮಕ್ಕಳಿಗೆ ಕೊಟ್ಟರೆ ಸಾಲದು. ಮಕ್ಕಳಿಗೆ ತಕ್ಕ ಸಣ್ಣ ಸೂಜಿ, ಸಣ್ಣ ಆಮ್ಲಜನಕದ ಮುಸುಕು, ತೂಕ ನೋಡಿ ಲೆಕ್ಕ ಹಾಕಿದ ಔಷಧ, ಅದನ್ನು ಬಲ್ಲ ದಾದಿ ಇವೆಲ್ಲವೂ ಬೇಕು. ಪ್ರತಿಯೊಂದು ಮಗುವಿನ ಜೊತೆಗೂ ಕಡಮೆಯೆಂದರೆ ಒಬ್ಬರು ಬರುತ್ತಾರೆ. ಇಪ್ಪತ್ತೇಳು ಮಕ್ಕಳೆಂದರೆ ಐವತ್ತನಾಲ್ಕು ಜನ. ಕಾಯಿಲೆಗಳೂ ಋತುವನ್ನು ಅನುಸರಿಸಿ ಗುಂಪಾಗಿ ಬರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಎಳೆಯ ಮಗುವು ತನಗೆ ಏನಾಗುತ್ತಿದೆಯೆಂದು ಹೇಳಲಾರದು. ಅದರ ಮೈಯಲ್ಲಿನ ನೀರಿನ ಅಂಶವು ಬೇಗನೆ ಬತ್ತುತ್ತದೆ. ಉಸಿರು ಬೇಗನೆ ದಣಿಯುತ್ತದೆ. ದೊಡ್ಡವರು ಒಂದು ದಿನ ತಾಳಬಹುದಾದುದನ್ನು ಕೂಸು ಕೆಲವು ಗಂಟೆಗಳೂ ತಾಳದಿರಬಹುದು.

ಒಳಹರಿವು: ಮನೆಯಲ್ಲಿ ನಿಲ್ಲಿಸಬಹುದಾದುದು

ಒಳಹರಿವನ್ನು ತಗ್ಗಿಸುವುದೆಂದರೆ ಬಂದವರನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸುವುದಲ್ಲ. ಕಾಯಿಲೆಯು ಬಿಗಡಾಯಿಸುವುದಕ್ಕೆ ಮೊದಲೇ ಮನೆಯ ಹತ್ತಿರ ತಕ್ಕ ಉಪಚಾರವು ದೊರೆಯುವಂತೆ ಮಾಡುವುದು. ಇದಕ್ಕೆ ನಮ್ಮ ದೇಶದಲ್ಲಿಯೇ ಉಜ್ವಲವಾದ ಉದಾಹರಣೆಯೊಂದು ಉಂಟು.

1971ರಲ್ಲಿ ಬಾಂಗ್ಲಾದೇಶದ ವಿಮೋಚನೆಯ ಕಾಲದಲ್ಲಿ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದರು. ಗಡಿಯ ಬಳಿಯ ಬನಗಾಂವ್‌ನ ಶಿಬಿರದಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯ ಮಂಚಗಳು ತುಂಬಿ, ನೆಲದ ಮೇಲೂ ರೋಗಿಗಳು ಮಲಗಿದ್ದರು. ರಕ್ತನಾಳಕ್ಕೆ ಏರಿಸುವ ದ್ರಾವಣವು ಮುಗಿಯುತ್ತ ಬಂದಿತ್ತು. ಅಲ್ಲಿ ಕೆಲಸಮಾಡುತ್ತಿದ್ದ ಡಾ. ದಿಲೀಪ್ ಮಹಾಲನಾಬಿಸ್ ಅವರು ಉಪ್ಪು, ಅಡಿಗೆ ಸೋಡ, ಗ್ಲೂಕೋಸುಗಳನ್ನು ನೀರಿನಲ್ಲಿ ಬೆರೆಸಿ, ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸುವ ಏರ್ಪಾಟು ಮಾಡಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗೆ ಇಳಿಯಿತು. 2022ರಲ್ಲಿ ಅವರು ತೀರಿಕೊಂಡ ಮೇಲೆ, 2023ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿಯು ಸಂದಿತು. ಇಂದು ಆಶಾ ಕಾರ್ಯಕರ್ತೆಯರ ಚೀಲದಲ್ಲಿರುವ ಓ.ಆರ್.ಎಸ್. ಪೊಟ್ಟಣದ ಹಿಂದೆ ಈ ಕಥೆಯಿದೆ. ವೈದ್ಯರ ಕೈ ಸಾಲದಾದಾಗ ತಾಯಿಯ ಕೈಯನ್ನು ಜೊತೆಗೆ ತೆಗೆದುಕೊಂಡುದೇ ಅದರ ಸಾರ.

ಆದರೆ ತಾಯಿಯ ಕೈ ಮಾತ್ರದಿಂದ ಎಲ್ಲವೂ ಆಗದು. ಹತ್ತಿರದಲ್ಲಿ ವೈದ್ಯರೂ ಇರಬೇಕು. ಬಯಲುಸೀಮೆಯಲ್ಲಿ ಸುಮಾರು 1,20,000 ಜನರಿಗೆ ಒಂದು ಸಮುದಾಯ ಆರೋಗ್ಯ ಕೇಂದ್ರವಿರಬೇಕು, ಅದರಲ್ಲಿ ಮಕ್ಕಳ ತಜ್ಞರೊಬ್ಬರು ಇರಬೇಕು ಎಂಬುದು ನಮ್ಮ ದೇಶದ ನಿಯಮ. 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶಗಳ ಪ್ರಕಾರ, ದೇಶದ ಗ್ರಾಮಾಂತರ ಸಮುದಾಯ ಕೇಂದ್ರಗಳಲ್ಲಿ ಬೇಕಾದ ಮಕ್ಕಳ ತಜ್ಞರಲ್ಲಿ ಕೊರತೆಯು ಶೇಕಡ 81.6. ಎಂದರೆ ಐದು ಕಡೆ ಇರಬೇಕಾದ ವೈದ್ಯರು ಒಂದು ಕಡೆಯೂ ಸರಿಯಾಗಿ ಇಲ್ಲವೆಂದಾಯಿತು. ನಮಗೆ ಆ ರಾತ್ರಿ ಬರೆದುಕೊಟ್ಟ ಚೀಟಿಯ ಹಿಂದೆ ಈ ಅಂಕಿಯೂ ಅಡಗಿತ್ತೆಂದು ಈಗ ತಿಳಿಯುತ್ತದೆ. ಹಳ್ಳಿಯಲ್ಲಿ ಒಬ್ಬ ವೈದ್ಯರಿಲ್ಲದಿದ್ದರೆ ಪಟ್ಟಣದ ಬಾಗಿಲಲ್ಲಿ ಹತ್ತು ತಾಯಂದಿರು ನಿಲ್ಲುತ್ತಾರೆ.

ಒಳಗಿನ ನಡೆ: ಯಾರು ಮೊದಲು?

ಇನ್ನು ಎರಡನೆಯ ಭಾಗ. ಪಡಿತರದ ಅಂಗಡಿಯಲ್ಲಿ ಮೊದಲು ಬಂದವರಿಗೆ ಮೊದಲು ಎಂಬುದು ನ್ಯಾಯ. ತುರ್ತು ವಿಭಾಗದಲ್ಲಿ ಅದೇ ಅನ್ಯಾಯವಾಗುತ್ತದೆ. ಹೆಚ್ಚು ಅಪಾಯದಲ್ಲಿರುವವರನ್ನು ಮೊದಲು ನೋಡುವ ಕ್ರಮಕ್ಕೆ ‘ಟ್ರಯಾಜ್’ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಆರಿಸುವುದು, ಬೇರ್ಪಡಿಸುವುದು ಎಂದು ಅರ್ಥಕೊಡುವ ಮಾತಿನಿಂದ ಇದು ಹುಟ್ಟಿತು. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯನಾಗಿದ್ದ ಲಾರೆಯು ಗಾಯಾಳುಗಳನ್ನು ಪದವಿ ನೋಡದೆ ಗಾಯ ನೋಡಿ ಉಪಚರಿಸಬೇಕೆಂದು ನಿಯಮ ಮಾಡಿದನೆಂದು ಇತಿಹಾಸವು ಹೇಳುತ್ತದೆ.

ಮಕ್ಕಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಒಂದು ಕೈಪಿಡಿಯನ್ನು ಪ್ರಕಟಿಸಿತು. ಅದರ ಪ್ರಕಾರ ಬಂದ ಮಕ್ಕಳೆಲ್ಲರನ್ನೂ ಬಾಗಿಲಲ್ಲೇ ಬೇಗನೆ ನೋಡಿ ಮೂರು ಗುಂಪು ಮಾಡಬೇಕು. ಉಸಿರು ಕಟ್ಟಿದ, ನೀಲಿಗಟ್ಟಿದ, ಪ್ರಜ್ಞೆ ತಪ್ಪಿದ, ಸೆಳವು ಬಂದ, ಕೈಕಾಲು ತಣ್ಣಗಾಗಿ ನಾಡಿ ಕ್ಷೀಣಿಸಿದ, ಭೇದಿಯಿಂದ ತೀರ ಬತ್ತಿದ ಮಕ್ಕಳು ಮೊದಲನೆಯ ಗುಂಪು. ಇವರಿಗೆ ಒಂದು ಕ್ಷಣವೂ ಕಾಯಿಸದೆ ಚಿಕಿತ್ಸೆಯಾಗಬೇಕು. ಎರಡು ತಿಂಗಳೊಳಗಿನ ಕೂಸು, ತೀವ್ರ ಜ್ವರ, ತೀವ್ರ ನೋವು, ಸುಟ್ಟಗಾಯ, ವಿಷಪ್ರಾಶನ, ಬಹಳ ಬಿಳುಪೇರಿದ ಮೈ, ಎರಡು ಪಾದಗಳಲ್ಲೂ ಬಾವು, ಬೇರೆ ಆಸ್ಪತ್ರೆಯಿಂದ ತುರ್ತೆಂದು ಕಳಿಸಿದ ಚೀಟಿ ಮೊದಲಾದುವು ಎರಡನೆಯ ಗುಂಪು. ಇವರನ್ನು ಸಾಲಿನ ಮುಂದಕ್ಕೆ ಕರೆಯಬೇಕು. ಉಳಿದವರು ಸರದಿಯಲ್ಲಿ ಕಾಯಬಹುದು. ಉಗುರನ್ನು ಒತ್ತಿ ಬಿಟ್ಟಾಗ ಮೂರು ಸೆಕೆಂಡುಗಳೊಳಗೆ ಮತ್ತೆ ಕೆಂಪೇರದಿದ್ದರೆ ರಕ್ತಸಂಚಾರವು ಕುಂದಿದೆಯೆಂದು ಸಂದೇಹಪಡಬೇಕೆಂಬುದೂ ಅದರಲ್ಲಿದೆ. ಇದನ್ನು ಓದಿದಾಗ ಆ ದಾದಿಯು ನಮ್ಮ ಹುಡುಗನ ಉಗುರನ್ನೇಕೆ ಒತ್ತಿದರೆಂಬುದು ನನಗೆ ಹೊಳೆಯಿತು. ಅಳುವ ಮಗುವಿಗೆ ಉಸಿರಿದೆ, ಶಕ್ತಿಯಿದೆ. ಅಳಲಾರದ ಮಗುವಿಗೆ ಅದೂ ಇರುವುದಿಲ್ಲ. ನಾನು ಶಿಫಾರಸೆಂದು ಕೂಗಿದುದು ಶಾಸ್ತ್ರವಾಗಿತ್ತು.

ಈ ಕ್ರಮದಿಂದ ಆಗುವ ಪ್ರಯೋಜನವೇನೆಂಬುದಕ್ಕೆ ಆಫ್ರಿಕದ ಮಲಾವಿ ದೇಶದ ಬ್ಲಾಂಟೈರ್ ನಗರವು ಸಾಕ್ಷಿ. ಮಲಾವಿಯು ಪ್ರಪಂಚದ ತೀರ ಬಡ ದೇಶಗಳಲ್ಲಿ ಒಂದು. ಅಲ್ಲಿನ ಕ್ವೀನ್ ಎಲಿಜಬೆತ್ ಆಸ್ಪತ್ರೆಯ ಮಕ್ಕಳ ಚಿಕಿತ್ಸಾಲಯದಲ್ಲಿ ಹೊರರೋಗಿಗಳು, ಚುಚ್ಚುಮದ್ದಿಗೆ ಬಂದವರು, ತುರ್ತು ಚಿಕಿತ್ಸೆ ಬೇಕಾದವರು ಎಲ್ಲರೂ ಒಂದೇ ಕಡೆ ನೆರೆಯುತ್ತಿದ್ದರು. 2001ರ ಹೊತ್ತಿಗೆ ಅದನ್ನು ಪುನರ್ವ್ಯವಸ್ಥೆ ಮಾಡಿದರು. ರೋಗಿಗಳು ಸಾಗುವ ದಾರಿಯನ್ನು ಬದಲಿಸಿದರು. ಸಿಬ್ಬಂದಿಗೆ ವಿಂಗಡಣೆಯಲ್ಲೂ ತುರ್ತು ಉಪಚಾರದಲ್ಲೂ ತರಬೇತಿ ಕೊಟ್ಟರು. ಹೊರರೋಗಿ ವಿಭಾಗಕ್ಕೂ ವಾರ್ಡಿಗೂ ಹೊಂದಾಣಿಕೆ ಏರ್ಪಡಿಸಿದರು. ದಾಖಲಾದ ಮಕ್ಕಳಲ್ಲಿ ಶೇಕಡ 10ರಿಂದ 18ರವರೆಗೆ ಇದ್ದ ಸಾವು ಶೇಕಡ 6ರಿಂದ 8ಕ್ಕೆ ಇಳಿಯಿತೆಂದು ಅಲ್ಲಿನ ವೈದ್ಯೆ ಎಲಿಜಬೆತ್ ಮಾಲಿನ್ಯೂ ಮತ್ತು ಅವರ ಜೊತೆಗಾರರು 2006ರಲ್ಲಿ ವರದಿಮಾಡಿದರು. ಇದಕ್ಕೆ ತಗುಲಿದ ವೆಚ್ಚವೂ ಅಲ್ಪ. ಹಣವಿಲ್ಲವೆಂಬುದು ಎಲ್ಲ ಕಾಲಕ್ಕೂ ಸರಿಯಾದ ಉತ್ತರವಲ್ಲವೆಂದು ಇದರಿಂದ ಕಲಿಯಬಹುದು.

ಹೊರಹರಿವು: ಖಾಲಿಯಾಗದ ಹಾಸಿಗೆ

ಹಾಗಾದರೆ ಹಣವಿರುವ ದೇಶಗಳಲ್ಲಿ ಸಂದಣಿಯಿಲ್ಲವೇ? ಇದೆ. 2022ರ ಕೊನೆಯ ತಿಂಗಳುಗಳಲ್ಲಿ ಉತ್ತರ ಅಮೆರಿಕದಲ್ಲಿ ಆರ್.ಎಸ್.ವಿ. ಎಂಬ ಉಸಿರಾಟದ ಸೋಂಕು, ಇನ್‌ಫ್ಲುಯೆಂಜಾ, ಕೋವಿಡ್ ಮೂರೂ ಒಟ್ಟಿಗೆ ಬಂದುವು. ಕೆನಡಾದ ಟೊರಾಂಟೊ ನಗರದ ಪ್ರಸಿದ್ಧ ಮಕ್ಕಳ ಆಸ್ಪತ್ರೆಯು ನವೆಂಬರಿನಲ್ಲಿ ಶಸ್ತ್ರಚಿಕಿತ್ಸೆಗಳನ್ನು ಕಡಮೆ ಮಾಡಿ, ಆ ಸಿಬ್ಬಂದಿಯನ್ನು ತೀವ್ರ ನಿಗಾ ಘಟಕಕ್ಕೆ ಹಾಕಿತು. ಒಟ್ಟಾವದ ಮಕ್ಕಳ ಆಸ್ಪತ್ರೆಯು ಎರಡನೆಯ ತೀವ್ರ ನಿಗಾ ಘಟಕವನ್ನು ತೆರೆಯಿತು. ರೆಡ್‌ಕ್ರಾಸ್ ಸಂಸ್ಥೆಯವರು ನೆರವಿಗೆ ಬಂದರು. ಕ್ಯಾಲ್ಗರಿಯಲ್ಲಿ ಚಳಿಯಲ್ಲಿ ಕಾಯುವ ತಾಯ್ತಂದೆಗಳಿಗಾಗಿ ತುರ್ತು ವಿಭಾಗದ ಪಕ್ಕದಲ್ಲಿ ಬಿಸಿಗಾಳಿಯ ವ್ಯವಸ್ಥೆಯಿದ್ದ ಬಂಡಿಯೊಂದನ್ನು ನಿಲ್ಲಿಸಬೇಕಾಯಿತು. ಅಮೆರಿಕದಲ್ಲಿ ಮಕ್ಕಳ ವೈದ್ಯರ ಸಂಘವೂ ಮಕ್ಕಳ ಆಸ್ಪತ್ರೆಗಳ ಸಂಘವೂ ತುರ್ತು ಪರಿಸ್ಥಿತಿಯನ್ನು ಘೋಷಿಸಬೇಕೆಂದು ಸರ್ಕಾರವನ್ನು ಕೇಳಿಕೊಂಡುವು.

ಇದಕ್ಕೆ ಸೋಂಕು ಒಂದೇ ಕಾರಣವಲ್ಲ. ಅಮೆರಿಕದಲ್ಲಿ 2008ರಿಂದ 2018ರವರೆಗಿನ ಹತ್ತು ವರ್ಷಗಳಲ್ಲಿ ಆಸ್ಪತ್ರೆಗಳಲ್ಲಿನ ಮಕ್ಕಳ ಒಳರೋಗಿ ವಿಭಾಗಗಳು ಸುಮಾರು ಶೇಕಡ 19ರಷ್ಟು ಕಡಮೆಯಾಗಿದ್ದುವು. ದೊಡ್ಡವರ ಹಾಸಿಗೆಯಿಂದ ಬರುವಷ್ಟು ಆದಾಯವು ಮಕ್ಕಳ ಹಾಸಿಗೆಯಿಂದ ಬಾರದೆಂಬುದು ಇದರ ಮುಖ್ಯ ಕಾರಣಗಳಲ್ಲೊಂದು. ಮಕ್ಕಳ ಹಾಸಿಗೆಯು ಬೇಸಿಗೆಯಲ್ಲಿ ಖಾಲಿ ಬಿದ್ದಿರುವುದನ್ನು ಕಂಡು ನಷ್ಟವೆಂದು ತೆಗೆದುಹಾಕಿದರೆ, ಚಳಿಗಾಲದಲ್ಲಿ ಮಗುವು ಬಾಗಿಲಲ್ಲಿ ಮಲಗುತ್ತದೆ. ಖಾಲಿಯಿರುವ ಹಾಸಿಗೆಯು ವ್ಯರ್ಥವಲ್ಲ, ಕೋಡಿಯಲ್ಲಿ ಬಿಟ್ಟ ಎಡೆಯಂತೆ ಅದು ರಕ್ಷಣೆ. ಲಾಭನಷ್ಟದ ಲೆಕ್ಕವನ್ನು ಎಲ್ಲಿ ಬಳಸಬಾರದೆಂಬುದನ್ನೂ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಕಲಿಯಬೇಕಷ್ಟೆ.

ತುರ್ತು ವಿಭಾಗಗಳ ಸಂದಣಿಯನ್ನು ಅಭ್ಯಾಸಮಾಡಿದವರಲ್ಲಿ ಬಹುಮಂದಿ ಹೇಳುವ ಮಾತೂ ಇದೇ. ಬಾಗಿಲಲ್ಲಿ ಕಾಣುವ ಸಂದಣಿಯ ದೊಡ್ಡ ಕಾರಣವು ಬಾಗಿಲಲ್ಲಿ ಇಲ್ಲ. ಮೇಲಿನ ವಾರ್ಡಿನಲ್ಲಿ ಖಾಲಿಯಾಗದ ಹಾಸಿಗೆಯಲ್ಲಿದೆ.

ನಮ್ಮಿಂದಾದ ತಪ್ಪು

ಇಷ್ಟೆಲ್ಲವನ್ನೂ ನಾನು ಬರೆಯುವುದಕ್ಕೆ ನಿಜವಾದ ಕಾರಣವನ್ನು ಈಗ ಹೇಳಬೇಕು.

ನಮ್ಮ ಹುಡುಗನನ್ನು ಸೇರಿಸಿದ ಐದನೆಯ ದಿನ ಬೆಳಿಗ್ಗೆ ವೈದ್ಯರು ಬಂದು ನೋಡಿ, “ಚೆನ್ನಾಗಿದಾನೆ, ಇವತ್ತು ಮನೆಗೆ ಕರ್ಕೊಂಡು ಹೋಗಿ” ಎಂದರು. ಅಂದು ಭೀಮನ ಅಮಾವಾಸ್ಯೆ. ಅವ್ವನಿಗೆ ಮನಸ್ಸು ಒಪ್ಪಲಿಲ್ಲ. “ಅಮಾಸೆ ದಿನ ಮಗೀನ ಹೊರಡಿಸಬಾರದು. ಇನ್ನೊಂದು ದಿನ ಇರ್ತೀವಿ ಅಂತ ನೀನೇ ಕೇಳವ್ವ” ಎಂದಳು. ನಾನು ದಾದಿಯ ಬಳಿಗೆ ಹೋಗಿ, ಅಮಾವಾಸ್ಯೆಯೆಂದರೆ ನಕ್ಕಾರೆಂದು ನಾಚಿ, “ನಮ್ಮೂರಿಗೆ ಇವತ್ತು ಬಸ್ಸಿಲ್ಲ ಸಿಸ್ಟರ್” ಎಂದು ಹೇಳಿದೆ. ಸಂಜೆ ನಾಲ್ಕಕ್ಕೆ ಬಸ್ಸಿತ್ತು. ಅವರು, “ಕೆಳಗೆ ಮಕ್ಕಳು ಕಾಯ್ತಾ ಇದಾವೆ ಕಣಮ್ಮ” ಎಂದರು. ನಾನು ಸುಮ್ಮನೆ ನಿಂತೆ. ಅವರಿಗೆ ನೂರು ಕೆಲಸ. ಮತ್ತೇನೂ ಹೇಳದೆ ಹೊರಟುಹೋದರು. ನಾನು ಕೆಲಸ ಸಾಧಿಸಿದೆನೆಂದುಕೊಂಡೆ.

ರಾತ್ರಿ ಒಂಬತ್ತರ ಹೊತ್ತಿಗೆ ಬಿಸಿನೀರು ತರಲು ಕೆಳಗೆ ಇಳಿದೆ. ತುರ್ತು ವಿಭಾಗದಲ್ಲಿ ಎರಡು ಕುರ್ಚಿಗಳನ್ನು ಜೋಡಿಸಿ ಎರಡು ವರ್ಷದ ಒಂದು ಹೆಣ್ಣುಮಗುವನ್ನು ಮಲಗಿಸಿದ್ದರು. ಅದರ ಕೈಗೆ ಸೂಜಿ ಚುಚ್ಚಿತ್ತು. ತಾಯಿಯು ಬಾಟಲಿಯನ್ನು ತಾನೇ ಎತ್ತಿ ಹಿಡಿದುಕೊಂಡು ನಿಂತಿದ್ದಳು. ಯಾವಾಗ ಬಂದಿರೆಂದು ಕೇಳಿದೆ. “ಬೆಳಿಗ್ಗೆ ಬಂದ್ವಿ ಕಣವ್ವ. ಮೇಲೆ ಮಂಚ ಖಾಲಿಯಾಗ್ಲಿ ಅಂತ ಕಾಯ್ತಾ ಇದೀವಿ” ಎಂದಳು.

ನಾನು ಬಿಸಿನೀರನ್ನು ಮರೆತು ಮೇಲಕ್ಕೆ ಹೋದೆ. ನಮ್ಮ ಹುಡುಗ ಮಂಚದ ಮೇಲೆ ಕುಳಿತು, ಖಾಲಿ ಔಷಧದ ಡಬ್ಬಿಗಳನ್ನು ಸಾಲಾಗಿಟ್ಟು ರೈಲು ಬಿಡುತ್ತಿದ್ದ. ಅಕ್ಕನಿಗೆ ಹೇಳಿದೆ. ಅವಳು ಒಂದು ಮಾತನ್ನೂ ಆಡಲಿಲ್ಲ. ಮಗುವನ್ನು ಕಂಕುಳಿಗೆ ಎತ್ತಿಕೊಂಡು ಹಾಸಿಗೆಯ ಬಟ್ಟೆಯನ್ನು ಮಡಿಸಿದಳು. ಅವ್ವನೂ ಎದ್ದಳು. ದಾದಿಗೆ ಹೇಳಿ, ನಾವು ಆ ರಾತ್ರಿ ಮೊಗಸಾಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದೆವು. ಆಸ್ಪತ್ರೆಯಿಂದ ಹೊರಡಲಿಲ್ಲವಾದುದರಿಂದ ಅಮಾವಾಸ್ಯೆಗೂ ಭಂಗ ಬರಲಿಲ್ಲ. ಬೆಳಿಗ್ಗೆ ನಾವು ಹೊರಡುವಾಗ ಆ ಹೆಣ್ಣುಮಗು ಅದೇ ಮಂಚದಲ್ಲಿ ನಿದ್ರೆಮಾಡುತ್ತಿತ್ತು. ಅದರ ತಾಯಿ ನಮಗೆ ಕೈಮುಗಿದಳು. ಅವಳಿಗೆ ಬೆಳಿಗ್ಗೆಯೇ ಸಲ್ಲಬೇಕಾಗಿದ್ದುದನ್ನು ರಾತ್ರಿ ಕೊಟ್ಟುದಕ್ಕೆ ಅವಳು ಕೈಮುಗಿದಳು. ನನಗೆ ತಲೆಯೆತ್ತಲಾಗಲಿಲ್ಲ.

ಊರಿಗೆ ಬಂದ ಮೇಲೆ ನಾನು ಲೆಕ್ಕ ಹಾಕಿದೆ. ನಲವತ್ತು ಹಾಸಿಗೆಗಳ ವಾರ್ಡೊಂದನ್ನು ಊಹಿಸಿಕೊಳ್ಳೋಣ. ಮಗುವೊಂದು ಸರಾಸರಿ ಐದು ದಿನ ಇದ್ದರೆ ಒಂದು ಹಾಸಿಗೆಯಲ್ಲಿ ತಿಂಗಳಿಗೆ ಆರು ಮಕ್ಕಳಂತೆ 240 ಮಕ್ಕಳಿಗೆ ಚಿಕಿತ್ಸೆಯಾಗುತ್ತದೆ. ಎಲ್ಲರೂ ನಮ್ಮಂತೆಯೇ ಒಂದು ದಿನ ಹೆಚ್ಚಾಗಿ ಉಳಿದರೆ 200 ಮಕ್ಕಳಿಗೆ ಮಾತ್ರ. ಉಳಿದ ನಲವತ್ತು ಮಕ್ಕಳು ಕೆಳಗೆ ಕುರ್ಚಿಯ ಮೇಲೆ ಇರುತ್ತಾರೆ. ನಾವೊಬ್ಬರು ಉಳಿದರೆ ಏನಾದೀತೆಂದು ಪ್ರತಿಯೊಬ್ಬರೂ ಎಣಿಸುವುದರ ಫಲವಿದು.

ಆದರೂ ದೋಷವನ್ನೆಲ್ಲಾ ಬಡವರ ತಲೆಗೆ ಕಟ್ಟುವುದು ನನ್ನ ಅಭಿಪ್ರಾಯವಲ್ಲ. ನಾವು ಉಳಿದುದು ನಂಬಿಕೆಯಿಂದ. ಎಷ್ಟೋ ಮಂದಿ ಉಳಿಯುವುದು ನಿಜವಾಗಿಯೂ ಬಸ್ಸಿಲ್ಲದೆ, ಕೈಯಲ್ಲಿ ಹಣವಿಲ್ಲದೆ, ಬಿಡುಗಡೆಯ ಚೀಟಿಗೆ ಸಹಿ ಬೀಳದೆ, ಊರಿನ ಹತ್ತಿರ ಮತ್ತೆ ತೋರಿಸಲು ವೈದ್ಯರಿಲ್ಲವೆಂಬ ಹೆದರಿಕೆಯಿಂದ.

ಆಗಬೇಕಾದುದು

2021ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಕೋವಿಡ್ಡಿನ ಎರಡನೆಯ ಅಲೆಯ ತರುವಾಯ 23,123 ಕೋಟಿ ರೂಪಾಯಿಗಳ ಯೋಜನೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ದೇಶದ 736 ಜಿಲ್ಲೆಗಳಲ್ಲೂ ಮಕ್ಕಳ ಘಟಕಗಳನ್ನು ಸ್ಥಾಪಿಸುವುದು ಅದರ ಉದ್ದೇಶಗಳಲ್ಲೊಂದು. ಮಂಚಗಳನ್ನು ಹೆಚ್ಚಿಸುವುದು ಅಗತ್ಯವೇ. ಆದರೆ ಮಂಚದ ಬಳಿ ನಿಲ್ಲುವ ದಾದಿಯಿಲ್ಲದಿದ್ದರೆ ಮಂಚವು ಮರದ ಸಾಮಾನು ಮಾತ್ರ. ಇದರ ಜೊತೆಗೆ ನನ್ನ ಅಲ್ಪಬುದ್ಧಿಗೆ ತೋರಿದ ಕೆಲವು ಸಲಹೆಗಳನ್ನು ಇಲ್ಲಿ ಬಿನ್ನವಿಸುತ್ತೇನೆ.

ಮೊದಲನೆಯದಾಗಿ, ತಾಲ್ಲೂಕು ಮತ್ತು ಸಮುದಾಯ ಕೇಂದ್ರಗಳಲ್ಲಿ ಮಕ್ಕಳ ತಜ್ಞರ ಸ್ಥಾನಗಳು ತುಂಬಬೇಕು. ಚೇತರಿಸಿಕೊಳ್ಳುತ್ತಿರುವ ಮಗುವನ್ನು ಊರಿನ ಹತ್ತಿರಕ್ಕೆ ಕಳಿಸುವಂತಾಗಬೇಕು.

ಎರಡನೆಯದಾಗಿ, ಹಗಲೂ ರಾತ್ರಿಯೂ ಬಾಗಿಲಲ್ಲಿ ಮಕ್ಕಳನ್ನು ವಿಂಗಡಿಸುವುದಕ್ಕೆಂದೇ ಒಬ್ಬ ದಾದಿಯಿರಬೇಕು. ಯಾರನ್ನು ಮೊದಲು ನೋಡುತ್ತಾರೆ, ಏಕೆ ಎಂಬುದನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ, ಚಿತ್ರಗಳೊಡನೆ ಗೋಡೆಯ ಮೇಲೆ ಬರೆಸಬೇಕು. ಓದಬಲ್ಲ ನನಗೇ ಅದು ತಿಳಿದಿರಲಿಲ್ಲವೆಂದ ಮೇಲೆ, ಓದಲಾರದ ತಾಯಿಯು ಅದನ್ನು ಪಕ್ಷಪಾತವೆಂದು ತಿಳಿದರೆ ತಪ್ಪೇನು?

ಮೂರನೆಯದಾಗಿ, ಬಿಡುಗಡೆಯ ಕಾಗದಪತ್ರಗಳು ಮಧ್ಯಾಹ್ನದೊಳಗೆ ಮುಗಿಯಬೇಕು. ಬಸ್ಸಿಗೆ ಕಾಯುವವರಿಗೆ, ಅಮಾವಾಸ್ಯೆ ಕಳೆಯಲೆಂದು ಕಾಯುವವರಿಗೂ, ಮಂಚವಲ್ಲದ ಒಂದು ನೆರಳಿನ ಕೊಠಡಿ ಇರಲಿ.

ನಾಲ್ಕನೆಯದು ನಮ್ಮ ಕೈಯಲ್ಲೇ ಇರುವುದು. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರವು ವರ್ಷಕ್ಕೊಮ್ಮೆ ಹಳ್ಳಿಗೆ ಹೋಗುತ್ತದೆ. ರಸ್ತೆ ಗುಡಿಸಿ ಬರುವುದರ ಜೊತೆಗೆ ನಾಲ್ಕು ಮಾತುಗಳನ್ನು ತಾಯಂದಿರಿಗೆ ಹೇಳಿಬರೋಣ. ಡೆಂಗಿಯಲ್ಲಿ ಜ್ವರ ಇಳಿದ ಹೊತ್ತೇ ಅಪಾಯದ ಹೊತ್ತಾಗಿರಬಹುದು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನ ರಕ್ತ, ಮಂಕು ಕಂಡರೆ ಬೆಳಗಾಗಲೆಂದು ಕಾಯಬಾರದು. ಭೇದಿಯಾದರೆ ಮೊದಲ ಸಲದಿಂದಲೇ ಓ.ಆರ್.ಎಸ್. ಕುಡಿಸಬೇಕು. ಹಾಲು ಕುಡಿಯದ, ಅಳದ, ಏಳದ ಕೂಸನ್ನು ಕೂಡಲೇ ಕರೆದೊಯ್ಯಬೇಕು. ವೈದ್ಯರು ಹೋಗಿರೆಂದ ಕೂಡಲೇ ಹಾಸಿಗೆಯನ್ನು ಬಿಡಬೇಕು.

ಉಪಸಂಹಾರ

“ನೀನು ಓದಿದೋಳು, ನೀನೇ ಮಾತಾಡು” ಎಂದು ಅವ್ವ ನನ್ನ ಕೈಗೆ ಕವರನ್ನು ಕೊಟ್ಟಾಗ, ಓದಿನ ಪ್ರಯೋಜನವೆಂದರೆ ನಮ್ಮ ಮಗುವಿಗೆ ಮೊದಲು ಚಿಕಿತ್ಸೆ ಕೊಡಿಸುವುದೆಂದು ನಾನು ತಿಳಿದಿದ್ದೆ. ಆ ಓದಿನಿಂದ ಒಮ್ಮೆ ಕೂಗಿದೆ, ಒಮ್ಮೆ ಸುಳ್ಳು ಹೇಳಿದೆ. ಸಾಲಿನಲ್ಲಿರುವ ಇತರ ಇಪ್ಪತ್ತಾರು ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಓದಿನ ಪ್ರಯೋಜನವೆಂದು ಈಗ ತೋರುತ್ತದೆ. ಈ ವರ್ಷ ನಾನು ಈ ಕಾಲೇಜನ್ನು ಬಿಟ್ಟು ಹೋಗುತ್ತೇನೆ. ಮುಂದೆ ಯಾವ ಆಸ್ಪತ್ರೆಯ ಬಾಗಿಲಲ್ಲಿ ಯಾರ ಕವರನ್ನು ಹಿಡಿದು ನಿಲ್ಲಬೇಕಾಗಿ ಬಂದರೂ, ಅಳದ ಮಗುವಿಗೆ ಮೊದಲು ದಾರಿ ಬಿಡುವ ವಿವೇಕವು ನನಗೂ ನನ್ನ ಸಹಪಾಠಿಗಳಿಗೂ ಇರಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.